ಕೊಡಗಿನ ಬೇಸಿಗೆಗೆ ಹಾಡಿನ ಪಟ್ಟಿ ಮಾಡಿಕೊಳ್ಳುವುದು ಹೇಗೆ

ಮ್ಯೂಸಿಕ್ ಆ್ಯಪ್‌ನಲ್ಲಿ 'ಸಮ್ಮರ್ ಹಿಟ್ಸ್' ಅಂತ ಹುಡುಕಿದರೆ ಬರುವುದು ಸಮುದ್ರ, ಮರಳು, ಡಿಜೆ. ಗೋವಾಕ್ಕೆ ಅದು ಸರಿ. ಮಡಿಕೇರಿಯಲ್ಲೋ ಸಿದ್ದಾಪುರದ ತೋಟದಲ್ಲೋ ಕೂತು ಕೇಳುವುದಕ್ಕಲ್ಲ. ನಮ್ಮ ಬೇಸಿಗೆ ಒಂದೇ ಬೇಸಿಗೆ ಅಲ್ವಲ್ಲ. ಫೆಬ್ರುವರಿ ಕೊನೆಗೆ ಒಣ ಎಲೆ, ಧೂಳು, ಸ್ಪ್ರಿಂಕ್ಲರ್ ಪಂಪಿನ ಸದ್ದು. ಆಮೇಲೆ ಹೂ ಮಳೆ, ಕಾಫಿ ಹೂವು. ಏಪ್ರಿಲ್‌ನಲ್ಲಿ ಮದುವೆ, ಹಾಕಿ ಪಂದ್ಯ, ಸಂಜೆ ಗುಡುಗು. ಮೇ ಕೊನೆಗೆ ಎಲ್ಲರ ಕಣ್ಣೂ ಪಶ್ಚಿಮದ ಕಡೆ. ಇಷ್ಟಕ್ಕೂ ಸೇರಿ ಒಂದೇ ಪಟ್ಟಿ ಮಾಡಿದರೆ ಎರಡನೇ ವಾರಕ್ಕೇ ಬೇಜಾರು ಬರುತ್ತದೆ.

ಹಾಗಾಗಿ ಮೊದಲ ಕೆಲಸ ಹಾಡು ಸೇರಿಸುವುದಲ್ಲ, ತೆಗೆಯುವುದು. ಫೋನಿನಲ್ಲಿರುವ ಮಳೆ ಹಾಡುಗಳನ್ನೆಲ್ಲ ಆರಿಸಿ ಬೇರೆ ಪಟ್ಟಿಗೆ ಹಾಕಿ, ಜೂನ್‌ವರೆಗೆ ಅದನ್ನು ಮುಟ್ಟಬೇಡಿ. ಕಷ್ಟ ಅಂತ ಗೊತ್ತು. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗಿನಿಂದ ಮಡಿಕೇರಿ ಅಂದರೆ ಮಳೆ, ಮಳೆ ಅಂದರೆ ಆ ಹಾಡುಗಳು ಅನ್ನುವ ಹಾಗೆ ಆಗಿದೆ. ಕಥೆ ನಡೆಯುವುದೂ ಇಲ್ಲೇ ಅಲ್ವಾ? ಆದರೆ ಮಾರ್ಚ್‌ನ ಸುಡು ಮಧ್ಯಾಹ್ನ ಸೋನು ನಿಗಮ್ ಮಳೆಯನ್ನು ಕರೆದರೆ ಬರುವುದು ಮಳೆಯಲ್ಲ, ಬರೀ ಆಸೆ. ಮೂರು ತಿಂಗಳು ದಿನಾ ಕೇಳಿದ ಹಾಡು ನಿಜವಾದ ಮಳೆ ಬರುವ ಹೊತ್ತಿಗೆ ಸವೆದು ಹೋಗಿರುತ್ತದೆ. ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಇನ್ನು ಉಳಿದ ಹಾಡುಗಳನ್ನು ಹೊತ್ತು ನೋಡಿ ಹಂಚಿ. ಗಾಯಕರ ಪ್ರಕಾರ, ವರ್ಷದ ಪ್ರಕಾರ ಹಂಚಿದರೆ ಅದು ಲೈಬ್ರರಿ ಆಗುತ್ತದೆ, ಬೇಸಿಗೆ ಪಟ್ಟಿ ಆಗುವುದಿಲ್ಲ. ಬೆಳಿಗ್ಗೆಗೆ ಒಂದು, ಮಧ್ಯಾಹ್ನಕ್ಕೆ ಒಂದು, ದಾರಿಗೆ ಒಂದು, ಕರೆಂಟ್ ಹೋದ ರಾತ್ರಿಗೆ ಒಂದು. ಒಂದೊಂದರಲ್ಲೂ ಹದಿನೈದು ಹಾಡು ಸಾಕು. ಜಾಸ್ತಿ ಹಾಕಿದರೆ ಅರ್ಧ ಸ್ಕಿಪ್ ಮಾಡುತ್ತೀರಿ.

ಬೆಳಿಗ್ಗೆಯದನ್ನು ಯುಗಾದಿಯಿಂದ ಶುರು ಮಾಡಿ. ಬೇಂದ್ರೆಯವರ 'ಯುಗ ಯುಗಾದಿ ಕಳೆದರೂ' ಹಾಡನ್ನು 1963ರ 'ಕುಲವಧು' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ್ದಾರೆ. ಹಬ್ಬದ ದಿನ ಟೀವಿಯಲ್ಲಿ, ರೇಡಿಯೋದಲ್ಲಿ, ಪಕ್ಕದ ಮನೆಯಲ್ಲಿ ಎಲ್ಲ ಕಡೆ ಅದೇ ಕೇಳಿಸುತ್ತದೆ ಅಂತ ಬಿಡಬೇಡಿ. ಹಬ್ಬ ಮುಗಿದ ಮೂರನೇ ದಿನ, ಗಲಾಟೆ ಇಲ್ಲದಾಗ ಕೇಳಿ ನೋಡಿ, ಬೇರೆಯದೇ ಹಾಡು ಅನ್ನಿಸುತ್ತದೆ. ಅದರ ಹಿಂದೆಯೇ ಬೇಂದ್ರೆಯವರದ್ದೇ 'ಮೂಡಲ ಮನೆಯ' ಇರಲಿ. 1967ರ 'ಬೆಳ್ಳಿಮೋಡ'ಕ್ಕೆ ವಿಜಯಭಾಸ್ಕರ್ ಅದಕ್ಕೆ ರಾಗ ಹಾಕಿದರು. ಆ ಸಿನಿಮಾ ಚಿಕ್ಕಮಗಳೂರಿನ ಕಾಫಿ ತೋಟದ್ದು, ನಮ್ಮದಲ್ಲ. ಇರಲಿ, ಕಾಫಿ ಕಾಫಿಯೇ.

ಇಲ್ಲಿ ಹೂವಿನ ಮಾತು ಬರಲೇಬೇಕು. ಮಳೆಯೋ ಸ್ಪ್ರಿಂಕ್ಲರೋ ನೀರು ಬಿದ್ದ ಮೇಲೆ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ. ರೊಬಸ್ಟಾ ಮೊದಲು, ಅರೇಬಿಕಾ ಆಮೇಲೆ. ಮುನ್ನಾ ದಿನ ರೆಂಬೆಗೆ ಅಂಟಿಕೊಂಡು ಮೊನಚು ಮೊಗ್ಗುಗಳ ಗೊಂಚಲು ಇರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಗಂಟು ಗಂಟಿಗೂ ಬಿಳಿ ಹೂವು, ರೆಂಬೆಯೇ ಕಾಣುವುದಿಲ್ಲ. ಮಲ್ಲಿಗೆಯ ವಾಸನೆಗೆ ಹತ್ತಿರ, ಆದರೆ ಇನ್ನೂ ದಟ್ಟ. ಮೂರ್ನಾಲ್ಕು ದಿನ, ಅಷ್ಟೇ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಆ ನಾಲ್ಕು ದಿನಕ್ಕೆ ನನ್ನ ಸಲಹೆ ಏನೆಂದರೆ, ತೋಟದಲ್ಲಿ ಸ್ಪೀಕರ್ ಬೇಡವೇ ಬೇಡ. ಜೇನುಹುಳಗಳ ಗುಂಯ್‌ಗುಡುವ ಸದ್ದನ್ನು ಮೀರಿಸುವ ಹಾಡು ನನಗಂತೂ ಇನ್ನೂ ಸಿಕ್ಕಿಲ್ಲ. ಮನೆ ಜಗಲಿಗೆ ಬಂದ ಮೇಲೆ, ಸಣ್ಣ ಸದ್ದಿನಲ್ಲಿ 'ಕೊಡಗಿನ ಕಾವೇರಿ' ಹಾಕಿಕೊಳ್ಳಿ. 'ಶರಪಂಜರ' ಚಿತ್ರದ್ದು, 1971, ಪಿ.ಬಿ. ಶ್ರೀನಿವಾಸ್ ಮತ್ತು ಪಿ. ಸುಶೀಲಾ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಪಿ.ಬಿ.ಎಸ್. ದನಿಯಲ್ಲಿ ಒಂದು ನಿಧಾನ ಇದೆ, ಬೇಸಿಗೆ ಬೆಳಿಗ್ಗೆಗೆ ಅದು ಬೇಕು.

ಮಧ್ಯಾಹ್ನದ ಪಟ್ಟಿಯಲ್ಲಿ ಮಾತು ಕಡಿಮೆ ಇರಲಿ. ಊಟ ಆಗಿದೆ, ಪಂದಿಕರಿಯ ಭಾರ ಬೇರೆ, ಹೊರಗೆ 30 ಡಿಗ್ರಿ ಆಸುಪಾಸು. ಕುಶಾಲನಗರದವರಾದರೆ ಇನ್ನೂ ಜಾಸ್ತಿ ಸೇರಿಸಿಕೊಳ್ಳಿ. ಇಂಥ ಹೊತ್ತಿನಲ್ಲಿ ಸಾಹಿತ್ಯ ತಲೆಗೆ ಹೋಗುವುದಿಲ್ಲ. ಹಿಂದೂಸ್ತಾನಿಯಲ್ಲಿ ಮಧ್ಯಾಹ್ನಕ್ಕೆಂದೇ ಸಾರಂಗ ರಾಗಗಳಿವೆ. ಭೀಮಸೇನ ಜೋಶಿಯವರ ಬೃಂದಾವನಿ ಸಾರಂಗ ಸಿಗುತ್ತದೆ, ಹಾಕಿ. ಶಾಸ್ತ್ರೀಯ ಸಂಗೀತ ಗೊತ್ತಿಲ್ಲ ಅನ್ನುವವರೂ ಅರ್ಧ ಗಂಟೆ ಸುಮ್ನೆ ಕೇಳಬಹುದು, ಪರೀಕ್ಷೆ ಏನೂ ಇಲ್ಲ. ಹಿಡಿಸದಿದ್ದರೆ ಬಾನ್ಸುರಿಯಲ್ಲಿ ಅದೇ ರಾಗ ಹುಡುಕಿ. ಹೊರಗಡೆ ಕುಟ್ರು ಹಕ್ಕಿ ಬಿಡದೆ ಕೂಗುತ್ತಲೇ ಇರುತ್ತದೆ, ಅದನ್ನೂ ತಾಳಕ್ಕೆ ಸೇರಿಸಿಕೊಳ್ಳಿ.

ದಾರಿ ಹಾಡಿಗೆ ಬರೋಣ. ಮೈಸೂರಿನಿಂದ ಬರುವವರು ಕುಶಾಲನಗರದವರೆಗೆ ಏನು ಬೇಕಾದರೂ ಕೇಳಿಕೊಳ್ಳಿ, ನೇರ ರಸ್ತೆ. ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸುಂಟಿಕೊಪ್ಪ ದಾಟಿದ ಮೇಲೆ ತಿರುವು, ಏರು, ಎದುರಿಗೆ ಬಸ್ಸು. ಈ ತುಂಡಿಗೆ ಒಂದೇ ಸಮನಾದ ಲಯ ಇರುವ ಹಾಡು ಬೇಕು. ಇಳಯರಾಜಾ ಸಂಗೀತದ 'ಜೊತೆಯಲಿ ಜೊತೆ ಜೊತೆಯಲಿ' ಇದೆಯಲ್ಲ, 1981ರ 'ಗೀತಾ' ಚಿತ್ರದ್ದು, ತಿರುವಿಗೂ ಅದಕ್ಕೂ ಏನೋ ಒಪ್ಪಂದ ಆದ ಹಾಗಿದೆ. ಅದರ ಬೆನ್ನಿಗೆ 'ನಗುವ ನಯನ', 'ಪಲ್ಲವಿ ಅನುಪಲ್ಲವಿ'ಯದ್ದು, 1983. ಎರಡರಲ್ಲೂ ಎಸ್.ಪಿ.ಬಿ., ಎಸ್. ಜಾನಕಿ. ಎರಡು ಮುಗಿದ ಮೇಲೆ ಭಾವಗೀತೆಗೆ ಹೊರಳಿ. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟಿನ ಹಾಡುಗಳು ಈಗ ಎಲ್ಲ ಆ್ಯಪ್‌ಗಳಲ್ಲೂ ಸಿಗುತ್ತವೆ. ನಿಸಾರ್ ಅಹಮದ್ ಸಾಹಿತ್ಯ, ಮೈಸೂರು ಅನಂತಸ್ವಾಮಿ ರಾಗ. ಹಿಂದಿನ ಸೀಟಿನಲ್ಲಿ ಹಿರಿಯರಿದ್ದರೆ ಅವರೂ ದನಿಗೂಡಿಸುತ್ತಾರೆ, ವಾಂತಿ ಬರುತ್ತದೆ ಅನ್ನುವುದನ್ನು ಮರೆಯುತ್ತಾರೆ.

ಮಾಂದಲಪಟ್ಟಿಗೆ ಹೋಗುವವರು ಹೇಗೂ 'ಗಾಳಿಪಟ' ಹಾಡು ಹಾಕಿಯೇ ಹಾಕುತ್ತೀರಿ. 2008ರಲ್ಲಿ ಆ ಸಿನಿಮಾ ಬಂದ ಮೇಲೆಯೇ ಅಲ್ಲಿಗೆ ಜೀಪುಗಳ ಸಾಲು ಶುರುವಾಗಿದ್ದು. 'ಮಿಂಚಾಗಿ ನೀನು ಬರಲು' ಒಳ್ಳೆಯ ಹಾಡೇ, ಅನುಮಾನ ಇಲ್ಲ. ಆದರೆ ಮೇಲೆ ಹೋದ ಮೇಲೆ ಹತ್ತು ಜೀಪಿನವರು ಹತ್ತು ಸ್ಪೀಕರ್‌ನಲ್ಲಿ ಅದನ್ನೇ ಹಾಕುವುದು ಬೇಡ. ಗುಡ್ಡದ ಮೇಲೆ ಗಾಳಿ ಕೇಳಿಸಲಿ.

ಆನೆಚೌಕೂರಿನಿಂದ ತಿತಿಮತಿ ಕಡೆಗೆ ಬರುವ ಕಾಡಿನ ರಸ್ತೆಯಲ್ಲಿ ಹಾಡು ಬಂದ್. ಕಿಟಕಿ ಇಳಿಸಿ ಜೋರಾಗಿ ಹಾಡು ಹಾಕುವ ಜಾಗ ಅದಲ್ಲ. ದಕ್ಷಿಣ ಕೊಡಗಿನ ತೋಟಗಳಲ್ಲಿ ನಡೆಯುವವರಿಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗಬೇಡಿ. ಮೇ ಹೊತ್ತಿಗೆ ಹಲಸು ಹಣ್ಣಾಗುತ್ತದೆ, ವಾಸನೆಗೆ ಆನೆ ತೋಟಕ್ಕೆ ಬರುತ್ತದೆ. ರೆಂಬೆ ಮುರಿಯುವ ಸದ್ದು ಕೇಳಿಸಿದರೆ ಓಡಲು ಸಮಯ ಸಿಗುತ್ತದೆ, ಕೇಳಿಸದಿದ್ದರೆ ಇಲ್ಲ. ಒಂದು ಕಿವಿ ಯಾವಾಗಲೂ ಖಾಲಿ ಇರಲಿ. ಸಂಜೆ ಆರರ ಮೇಲೆ, ಬೆಳಿಗ್ಗೆ ಬೆಳಕು ಹರಿಯುವ ಮೊದಲು ಎರಡೂ ಖಾಲಿ ಇರಲಿ.

ಏಪ್ರಿಲ್, ಮೇ ಮದುವೆ ಕಾಲ. ಕೊಡವ ಮದುವೆಗೆ ಹೋಗುವವರು ವಾಲಗದ ಒಂದೆರಡು ರೆಕಾರ್ಡಿಂಗ್ ಮೊದಲೇ ಕೇಳಿಕೊಂಡು ಹೋದರೆ ಒಳ್ಳೆಯದು. ಕಾಲಿಗೆ ಲಯ ಗೊತ್ತಿದ್ದರೆ ಕುಣಿಯಲು ಎಳೆದಾಗ ಗೋಡೆ ಹಿಡಿದು ನಿಲ್ಲಬೇಕಾಗಿಲ್ಲ. ವಾಲಗಕ್ಕಿಂತ ನನಗೆ ಜಾಸ್ತಿ ಇಷ್ಟ 'ಬಾಳೋ ಬಾಳೋ' ಪಾಟ್, ಅಂದರೆ ಹಾಡು. ನಾಲ್ವರು ದುಡಿ ಹಿಡಿದು ನಿಲ್ಲುತ್ತಾರೆ, ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ದುಡಿ ನಡುವೆ ಸಣ್ಣಗಿರುವ ಪುಟ್ಟ ವಾದ್ಯ. ಒಂದು ಕೈ ನಡುವನ್ನು ಹಿಡಿದು ಹಗ್ಗ ಅದುಮುತ್ತದೆ, ಇನ್ನೊಂದು ಕೈ ಕೋಲಿನಿಂದ ಬಡಿಯುತ್ತದೆ, ಅದುಮಿದ ಹಾಗೆ ದನಿ ಏರುತ್ತದೆ. ಮೊದಲ ಐದು ನಿಮಿಷ ಎಲ್ಲ ಸಾಲೂ ಒಂದೇ ಅನ್ನಿಸುತ್ತದೆ, ತಾಳ್ಮೆ ಇರಲಿ. ಹತ್ತನೇ ನಿಮಿಷಕ್ಕೆ ನೀವೇ ಮುಂದಿನ ಸಾಲಿಗೆ ಕಾಯುತ್ತಿರುತ್ತೀರಿ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಪುಸ್ತಕ ಮಾಡಿದರು, ಅದೂ ಕನ್ನಡ ಲಿಪಿಯಲ್ಲೇ. ಪುಸ್ತಕ ಮುಂದಿಟ್ಟುಕೊಂಡು ರೆಕಾರ್ಡಿಂಗ್ ಕೇಳಿದರೆ ಕೊಡವ ತಕ್ಕ್ (ಕೊಡವ ಭಾಷೆ) ಬಾರದವರಿಗೂ ಅಲ್ಲಲ್ಲಿ ಅರ್ಥ ಹೊಳೆಯುತ್ತದೆ. ಪುತ್ತರಿ ಹಾಡುಗಳನ್ನು ಮಾತ್ರ ಈಗ ಬೇಡ, ಅವು ಸುಗ್ಗಿಯವು.

ಪಟ್ಟಿಗೆ ಸೇರದ ಹಾಡುಗಳೂ ಇವೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದಲ್ಲ, ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಜನ ವೇಷ ಹಾಕಿ, ಡಬ್ಬ ಕೊಡ ಬಡಿದುಕೊಂಡು, ಎದುರು ಬಂದವರನ್ನೆಲ್ಲ ಬೈದು ಹಾಡುತ್ತಾರೆ. ಅದನ್ನು ಫೋನಿನಲ್ಲಿ ಕೇಳಿದರೆ ಏನೂ ಇಲ್ಲ. ಅಲ್ಲೇ ನಿಂತು ಬೈಸಿಕೊಂಡು, ಕಾಸು ಕೊಟ್ಟು ಬರಬೇಕು. ಕೊಡವ ಕುಟುಂಬಗಳ ಹಾಕಿ ಹಬ್ಬದ ಮೈಕೂ ಹಾಗೇ. 1997ರಲ್ಲಿ ಕರಡದಲ್ಲಿ ಶುರುವಾದ ಪಂದ್ಯ, ಈಗ ಬೇಸಿಗೆ ಬಂತೆಂದರೆ ಅದರ ಕಾಮೆಂಟರಿ ಇಲ್ಲದೆ ಸಂಜೆ ಆಗುವುದಿಲ್ಲ.

ಈಗ ತಾಂತ್ರಿಕ ವಿಷಯ. ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ, ಗುಡುಗು ಗಾಳಿ ಬಂದರೆ ಕರೆಂಟೂ ಇರುವುದಿಲ್ಲ, ಟವರೂ ಮಲಗುತ್ತದೆ. ಸ್ಟ್ರೀಮಿಂಗ್ ನಂಬಿದರೆ ಕೆಟ್ಟಿರಿ. ಪೇಟೆಗೆ ಹೋದಾಗ, ಇಲ್ಲವೇ ವೈಫೈ ಇರುವಲ್ಲಿ, ಎಲ್ಲವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಹಾಡಿನ ಗುಣಮಟ್ಟ ಕೆಬಿಪಿಎಸ್ ಲೆಕ್ಕದಲ್ಲಿರುತ್ತದೆ, 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಸುಮಾರು 1 ಎಂಬಿ, ಅಂದರೆ ನಾಲ್ಕು ನಿಮಿಷದ ಹಾಡಿಗೆ 4 ಎಂಬಿ. 320ರಲ್ಲಿ ಅದೇ ಹಾಡು ಹತ್ತಿರ ಹತ್ತಿರ 10 ಎಂಬಿ. ಹಳೇ ಪಿ.ಬಿ.ಎಸ್. ಹಾಡಿಗೆ 128 ಧಾರಾಳ ಸಾಕು, ಸಾರಂಗಕ್ಕೆ ಮಾತ್ರ 320 ಇರಲಿ. ಡೌನ್‌ಲೋಡ್ ಆದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಸಲ ಹಾಡಿಸಿ ನೋಡಿ, ಆಗ ಗೊತ್ತಾಗುತ್ತದೆ ನಿಜವಾಗಿ ಇಳಿದಿದೆಯಾ ಇಲ್ವಾ ಅಂತ. ಫೋನನ್ನೂ ಬ್ಲೂಟೂತ್ ಸ್ಪೀಕರನ್ನೂ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ, ಬ್ಯಾಟರಿ ಹಾಳಾಗುತ್ತದೆ. ಹೋಂಸ್ಟೇಗೆ ಬಂದವರು ರಾತ್ರಿ 10ರ ಮೇಲೆ ಹೊರಗೆ ಸ್ಪೀಕರ್ ಹಾಕುವಂತಿಲ್ಲ, ಕಾನೂನೇ ಇದೆ. ಕಣಿವೆಯಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ ಅನ್ನುವುದು ಪೇಟೆಯವರಿಗೆ ಗೊತ್ತಾಗುವುದಿಲ್ಲ.

ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ, ಸೆಲ್ ಹಾಕುವಂಥದ್ದು. ಮಡಿಕೇರಿ ಆಕಾಶವಾಣಿ 103.1ರಲ್ಲಿ ಸಿಗುತ್ತದೆ. ಗುಡ್ಡ ಅಡ್ಡ ಬಂದರೆ ಗೊರಗೊರ ಅನ್ನುತ್ತದೆ, ಕಿಟಕಿ ಬದಲಿಸಿ ನೋಡಿ. ನೀವು ಆರಿಸದ ಹಾಡು ಬರುವುದರಲ್ಲೂ ಒಂದು ಮಜಾ ಇದೆ.

ಕರೆಂಟ್ ಹೋದ ರಾತ್ರಿಯ ಪಟ್ಟಿಗೆ ಕೆ.ಎಸ್. ನರಸಿಂಹಸ್ವಾಮಿಯವರ 'ದೀಪವು ನಿನ್ನದೆ ಗಾಳಿಯು ನಿನ್ನದೆ' ಮೊದಲು ಹಾಕಿ, ಮೇಣದಬತ್ತಿ ಹಚ್ಚಿಕೊಂಡು ಕೇಳುವುದಕ್ಕೆ ಅದಕ್ಕಿಂತ ಸರಿಯಾದದ್ದು ಇನ್ನೇನಿದೆ? ಜೊತೆಗೆ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ 'ವಿರಹಾ ನೂರು ನೂರು ತರಹ', 1973ರದ್ದು. ಕಾದಂಬರಿ ಬರೆದ ಭಾರತೀಸುತ ನಮ್ಮ ಕೊಡಗಿನವರೇ. ಜಾನಕಿಯವರ ದನಿ ಆ ಕತ್ತಲಿಗೂ ಜೀರುಂಡೆ ಸದ್ದಿಗೂ ಚೆನ್ನಾಗಿ ಹೊಂದುತ್ತದೆ. ಉಳಿದ ಹದಿಮೂರು ನಿಮಗೆ ಬಿಟ್ಟಿದ್ದು.

ಮೇ ಕೊನೆ ವಾರ ಬಂತೆಂದರೆ ಆ ಮಳೆ ಪಟ್ಟಿಯನ್ನು ಹೊರಗೆ ತೆಗೆದು, ಡೌನ್‌ಲೋಡ್ ಸರಿ ಇದೆಯಾ ನೋಡಿ, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ರೇಡಿಯೋಗೆ ಹೊಸ ಸೆಲ್ ತಂದಿಡಿ. ಜೂನ್‌ನಲ್ಲಿ ಮಳೆ ಹಿಡಿದು ಲೈನ್ ಮೇಲೆ ಮರ ಬಿದ್ದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.