ಚದುರಿಹೋದ ಎಮೋ ಬ್ಯಾಂಡಿನ ಹಾಡುಗಳನ್ನು ಹುಡುಕಿ ತೆಗೆಯುವ ಬಗೆ: ನನ್ನ ಅನುಭವ

ತೊಂಬತ್ತರ ದಶಕದ ಎಷ್ಟೋ ಎಮೋ (ಪಂಕ್ ರಾಕ್‌ನಿಂದ ಹುಟ್ಟಿದ ಭಾವುಕ ಸಂಗೀತ), ಪೋಸ್ಟ್‌-ರಾಕ್ (ಹಾಡುಗಾರಿಕೆಗಿಂತ ವಾದ್ಯಗಳಿಂದ ವಾತಾವರಣ ಕಟ್ಟುವ ರಾಕ್) ಬ್ಯಾಂಡುಗಳು ಒಂದು ಡೆಮೊ ಕ್ಯಾಸೆಟ್, ಇನ್ನೊಂದು ಬ್ಯಾಂಡಿನ ಜೊತೆ ಹಂಚಿಕೊಂಡ ಏಳಿಂಚಿನ ವಿನೈಲ್ ರೆಕಾರ್ಡ್ (ಸ್ಪ್ಲಿಟ್), ಯಾವುದೋ ಸಂಕಲನದಲ್ಲಿ ಒಂದು ಹಾಡು, ಇಷ್ಟನ್ನೇ ಬಿಟ್ಟು ಚದುರಿಹೋದವು. 1999ರ ಒಂದೇ ಆಲ್ಬಮ್ಮಿನ ಬಲದ ಮೇಲೆ ಅಮೆರಿಕನ್ ಫುಟ್‌ಬಾಲ್ ಎಂಬ ಬ್ಯಾಂಡು 2014ರಲ್ಲಿ ಮತ್ತೆ ಕೂಡಿಕೊಂಡಿತು. ಆ ಭಾಗ್ಯ ಎಲ್ಲರದ್ದಲ್ಲ.

ಬ್ಯಾಂಡಿನ ಹೆಸರು ಹಾಕಿ ಹುಡುಕಿದರೆ ಕೈಗೆ ಹತ್ತುವುದು ಕಡಿಮೆ. ನಾನು ರೆಕಾರ್ಡುಗಳ ದಾಖಲೆ ಇಡುವ ಡಿಸ್ಕಾಗ್ಸ್ ತಾಣದಲ್ಲಿ ಲೇಬಲ್ (ಹಾಡು ಬಿಡುಗಡೆ ಮಾಡಿದ ಕಂಪನಿ) ಹಿಡಿದು ಹೊರಡುತ್ತೇನೆ. ಲೇಬಲ್ ತನ್ನ ಬಿಡುಗಡೆಗಳಿಗೆ ಕೊಟ್ಟ ಕ್ಯಾಟಲಾಗ್ ಸಂಖ್ಯೆಗಳನ್ನು ಸಾಲಾಗಿ ನೋಡಿದಾಗ ನಡುವೆ ಒಂದು ಸಂಖ್ಯೆ ಇಲ್ಲದಿದ್ದರೆ ಅಲ್ಲಿ ದಾಖಲಾಗದ ಬಿಡುಗಡೆ ಇರಬಹುದು. ರೆಕಾರ್ಡ್ ಮಾಡಿದ ಎಂಜಿನಿಯರ್ ಯಾರೆಂದು ಗೊತ್ತಾದರೆ ಇನ್ನೂ ಒಳ್ಳೆಯದು, ಮಾಸ್ಟರ್ ಟೇಪು (ಮೂಲ ರೆಕಾರ್ಡಿಂಗ್) ಅವರ ಬಳಿಯೇ ಉಳಿದಿರುವ ಸಾಧ್ಯತೆ ಇದೆ. ಲೇಬಲ್ಲಿನ ಹಳೆಯ ತಾಣದ ವಿಳಾಸದ ಕೊನೆಗೆ ನಕ್ಷತ್ರಚಿಹ್ನೆ (*) ಸೇರಿಸಿ, ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ಗೆ ಕೊಟ್ಟರೆ ಉಳಿದಿರುವ ಕಡತಗಳ ಪಟ್ಟಿ ಬರುತ್ತದೆ. ಅದನ್ನು 'ಎಂಪಿ3' ಎಂದು ಸೋಸಬೇಕು. ಮೈಸ್ಪೇಸ್ ಎಂಬ ಸಾಮಾಜಿಕ ತಾಣಕ್ಕೆ 2015ರವರೆಗೆ ಏರಿಸಿದ್ದ ಹಾಡುಗಳು ಅಳಿಸಿಹೋದದ್ದು 2019ರಲ್ಲಿ ಬಯಲಾಯಿತು. ಅವುಗಳಲ್ಲಿ 2008ರಿಂದ 2010ರ ನಡುವಿನ ಸುಮಾರು 4,90,000 ಹಾಡುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ನೋಡದೆ ಬಿಡಬೇಡಿ.

ಸಿಕ್ಕಿದ ಕಡತವನ್ನು ಮೊದಲು ಸ್ಪೆಕ್ ಎಂಬ, ಧ್ವನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶದಲ್ಲಿ ತೆರೆದು ನೋಡಿ. ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಕಡತ) ಎಂದು ಹೆಸರಿದ್ದೂ 16 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದಂತೆ ಕತ್ತರಿಸಿದ್ದರೆ ಅದು ಬಹುಪಾಲು 128 ಕೆಬಿಪಿಎಸ್ ಎಂಪಿ3ಯಿಂದ ಮಾಡಿದ್ದು. ಕ್ಯಾಸೆಟ್ಟಿನಲ್ಲೂ ಮೇಲಿನ ಸ್ವರಗಳು ಸೋರುತ್ತವೆ, ಆದರೆ ಇಳಿಜಾರಾಗಿ.

ಕ್ಯಾಸೆಟ್ಟೇ ಸಿಕ್ಕರೆ ಆತುರ ಬೇಡ. ಡೆಕ್ಕಿನ ಹೆಡ್ (ಟೇಪನ್ನು ಓದುವ ಭಾಗ) ಮತ್ತು ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಸಣ್ಣ ಕಂಬಿ) ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತಿರುವ ಕೋನ: ಎರಡೂ ಚಾನೆಲ್‌ಗಳನ್ನು ಮೋನೋಗೆ ಕೂಡಿಸಿ, ಡ್ರಮ್ಮಿನ ಸಿಂಬಲ್ (ತಾಳ) ಅತ್ಯಂತ ಸ್ಪಷ್ಟವಾಗಿ ಕೇಳುವವರೆಗೆ ಹೆಡ್ಡಿನ ಸ್ಕ್ರೂ ನಿಧಾನವಾಗಿ ತಿರುಗಿಸಿ. ಹೆಡ್ ಓರೆಯಾಗಿದ್ದರೆ ಎರಡು ಚಾನೆಲ್‌ಗಳ ಮೇಲಿನ ಸ್ವರಗಳು ಒಂದನ್ನೊಂದು ಅಳಿಸುತ್ತವೆ. ಸ್ಟೀರಿಯೋದಲ್ಲಿ ಆ ನಷ್ಟ ಇಷ್ಟು ಚೆನ್ನಾಗಿ ಕಿವಿಗೆ ಬೀಳದು. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದೆ ರೆಕಾರ್ಡ್ ಆದದ್ದಕ್ಕೆ ಡಾಲ್ಬಿ ಹಾಕಿದರೆ ಧ್ವನಿ ಮಂಕಾಗುತ್ತದೆ.

24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಲೆವೆಲ್ ಇಡುವುದು ಹಾಡಿನ ಆರಂಭ ಕೇಳಿ ಅಲ್ಲ. ಈ ಸಂಗೀತ ನಾಲ್ಕೈದು ನಿಮಿಷ ಪಿಸುಗುಟ್ಟಿ ಒಮ್ಮೆಲೇ ಸ್ಫೋಟಿಸುತ್ತದೆ. ಆ ಜಾಗ ಹುಡುಕಿ, ಅಲ್ಲಿ ಪೀಕ್ (ಅತಿ ಜೋರಿನ ಮಟ್ಟ) ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತೆಗೆಯುವ ಫಿಲ್ಟರ್) ಮಾತ್ರ ಹಾಕಲೇಬೇಡಿ ಎನ್ನುತ್ತೇನೆ: ಟೇಪಿನ ಹಿಸ್ಸಿನ ಜೊತೆಗೆ ರಿವರ್ಬಿನ (ಅನುರಣನದ) ಬಾಲವೂ ಹೋಗುತ್ತದೆ, ಪೋಸ್ಟ್‌-ರಾಕ್‌ನ ಜೀವ ಇರುವುದೇ ಆ ಬಾಲದಲ್ಲಿ. ಡೆಕ್ಕಿನ ವೇಗದ ಮೇಲೆ ಸಂಶಯ ಬಂದರೆ ಅದೇ ರೆಕಾರ್ಡಿಂಗ್ ಸ್ಪ್ಲಿಟ್‌ನಲ್ಲಿದ್ದರೆ ಅದರ ಅವಧಿಯ ಜೊತೆ ಹೋಲಿಸಿ. ಗಿಟಾರಿನ ಶ್ರುತಿ ನಂಬಿ ತಿದ್ದಬಾರದು. ಇಂಥ ಬ್ಯಾಂಡುಗಳಲ್ಲಿ ಎಫ್-ಎ-ಸಿ-ಜಿ-ಸಿ-ಇ ಮಾದರಿಯ, ರೂಢಿಗಿಂತ ಬೇರೆಯಾದ ಟ್ಯೂನಿಂಗ್ ಸಾಮಾನ್ಯ.

ಸಿಡಿ-ಆರ್ (ಮನೆಯಲ್ಲೇ ಬರೆಯಬಹುದಾದ ಸಿಡಿ) ಆದರೆ ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್ ಬಳಸಿ. ಕೆಲವೇ ಪ್ರತಿ ಬರ್ನ್ ಮಾಡಿದ ಡಿಸ್ಕ್, ಬೇರೆಯವರ ಪ್ರತಿಗಳೊಂದಿಗೆ ಹೋಲಿಸಿ ನೋಡುವ ಅಕ್ಯುರೇಟ್‌ರಿಪ್ ದಾಖಲೆಯಲ್ಲಿ ಇರುವುದು ಅಪರೂಪ. ಹಾಗಾಗಿ 'ಟೆಸ್ಟ್ ಆಂಡ್ ಕಾಪಿ' ಓಡಿಸಿ ಎರಡು ಸಿಆರ್‌ಸಿ (ಕಡತದ ತಾಳೆ) ಸಂಖ್ಯೆಗಳೂ ಒಂದೇ ಇವೆಯೇ ನೋಡಿ.

ಮುಗಿದ ಮೇಲೆ ಫ್ಲಾಕ್ ಪ್ರತಿಯ ಜೊತೆ ಇನ್‌ಲೇ ಕಾರ್ಡಿನ (ಡಬ್ಬಿಯೊಳಗಿನ ಮುದ್ರಿತ ಕಾಗದದ) ಎರಡೂ ಬದಿಯ ಸ್ಕ್ಯಾನ್ ಇಡಿ. ಯಾರಿಗೂ ಹಂಚುವ ಮುನ್ನ ಬ್ಯಾಂಡಿನವರ ಒಪ್ಪಿಗೆ ಕೇಳಿ, ಕೇಳುವಾಗಲೇ ಪೂರ್ತಿ ಗುಣಮಟ್ಟದ ಪ್ರತಿಯನ್ನು ಅವರಿಗೆ ಕಳಿಸಿ. ಎಷ್ಟೋ ಸಲ ಅವರ ಹತ್ತಿರವೇ ಅದು ಇರುವುದಿಲ್ಲ.