ರೆಕಾರ್ಡ್ ಪ್ಲೇಯರ್ ಸೌಂಡ್ ಸುಧಾರಿಸ್ಬೇಕಾ, ಮೊದ್ಲು ಸೂಜಿ ಬದಲಾಯಿಸಿ

ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್ ಇಟ್ಕೊಂಡಿರೋರು ಹೊಸ ಪ್ಲೇಯರ್‌ಗೆ ದುಡ್ಡು ಸುರಿಯೋ ಮುಂಚೆ ಇದನ್ನ ಮಾಡಿ ನೋಡಿ. ಅದ್ರ ಜೊತೆ ಬರೋದು ವಿಎಂ95ಇ ಕಾರ್ಟ್ರಿಡ್ಜ್ (ಸೂಜಿ ಕೂರೋ, ಅದ್ರ ಕಂಪನವನ್ನ ಸಿಗ್ನಲ್ ಮಾಡೋ ಪುಟ್ಟ ಭಾಗ), ಹಸಿರು ಸೂಜಿ. ವಿಎಂ95 ಸರಣಿಯ ಸೂಜಿಗಳೆಲ್ಲ ಒಂದೇ ಬಾಡಿಗೆ ಕೂರುತ್ತೆ, ಅದಕ್ಕೆ ಕೆಂಪು ಎಂಎಲ್ (ಮೈಕ್ರೋಲೀನಿಯರ್, ಅಂದ್ರೆ ತುದಿ ಇನ್ನೂ ಸೂಕ್ಷ್ಮವಾಗಿರೋ) ಸೂಜಿ ಒಂದೇ ತಗೊಂಡ್ರೆ ಸಾಕು, ವೈರ್ ಮುಟ್ಟೋ ಕೆಲ್ಸಾನೇ ಇಲ್ಲ.

ಪವರ್ ಆಫ್ ಮಾಡಿ, ಆರ್ಮ್ ತುದೀಲಿ ಕಾರ್ಟ್ರಿಡ್ಜ್ ಹಿಡ್ಕೊಂಡಿರೋ ಹೆಡ್‌ಶೆಲ್ ಬಿಚ್ಚಿ ಕೈಲಿ ಹಿಡ್ಕೊಳ್ಳಿ, ಹಳೇ ಸೂಜಿಯ ಪ್ಲಾಸ್ಟಿಕ್ ಭಾಗ ಮಾತ್ರ ಹಿಡಿದು ಮೆಲ್ಲಗೆ ಬಿಡಿಸಿ, ಹೊಸದನ್ನ ಟಕ್ ಅನ್ನೋವರ್ಗೂ ಕೂರಿಸಿ. ತುದೀಲಿರೋ ಕೂದಲೆಳೆಯಂಥ ಕಡ್ಡಿಗೆ ಬೆರಳು ತಾಗ್ಲೇಬಾರ್ದು, ಬಗ್ಗಿದ್ರೆ ಕತೆ ಮುಗೀತು.

ಆಮೇಲೆ ಆಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಎಳೆಯೋದನ್ನ ಸರಿದೂಗಿಸೋ ಗುಂಡಿ) ಸೊನ್ನೆಗಿಟ್ಟು, ಆರ್ಮ್ ತಕ್ಕಡಿ ಥರ ಗಾಳೀಲಿ ಸಮವಾಗಿ ನಿಲ್ಲೋವರ್ಗೂ ಹಿಂದಿನ ತೂಕ ತಿರುಗಿಸಿ, ಅಲ್ಲಿ ತೂಕ ಅಲುಗಾಡಿಸದೆ ಅದರ ಮೇಲಿನ ಅಂಕಿ ಡಯಲ್ ಮಾತ್ರ ಸೊನ್ನೆ ಮಾಡಿ, ಈಗ ತೂಕ, ಡಯಲ್ ಎರಡನ್ನೂ ಒಟ್ಟಿಗೆ ತಿರುಗಿಸಿ 2 ಗ್ರಾಂಗೆ (ಸೂಜಿ ರೆಕಾರ್ಡನ್ನ ಒತ್ತೋ ಭಾರ) ತನ್ನಿ, ಆಂಟಿ-ಸ್ಕೇಟೂ 2ಕ್ಕೆ. ಈ ಹೆಜ್ಜೆ ದಯವಿಟ್ಟು ಬಿಡ್ಬೇಡಿ. ನನಗಂತೂ ವ್ಯತ್ಯಾಸ ಜಾಸ್ತಿ ಕೇಳಿಸಿದ್ದು ರೆಕಾರ್ಡಿನ ಕೊನೇ ಹಾಡಲ್ಲಿ, ಅಲ್ಲಿ ಸ, ಶ ಅಕ್ಷರ ಚರಚರ ಅನ್ನೋದು ಎಷ್ಟೋ ಕಮ್ಮಿ ಆಯ್ತು.

ಬೇರೆ ಕಂಪನಿಯ ಪ್ಲೇಯರ್ ಟೆಕ್ನಿಕ್ಸ್ ಎಸ್‌ಎಲ್-1200 ಹೆಡ್‌ಶೆಲ್ಲೂ ಎಲ್‌ಪಿ120ಎಕ್ಸ್‌ಗೆ ಸಿಕ್ಕಿಸ್ಬಹುದು, ಆದ್ರೆ ಹೆಡ್‌ಶೆಲ್ ಬದಲಾದ್ರೆ ಬ್ಯಾಲೆನ್ಸ್ ಮತ್ತೆ ಮೊದಲಿಂದ. ಆಡಿಯೋ-ಟೆಕ್ನಿಕಾದ ಎಲ್‌ಪಿ60 ಪ್ಲೇಯರ್ ಇರೋರು ಮಾತ್ರ ಈ ಸೂಜಿ ತಗೋಬೇಡಿ, ಅದ್ರ ಕಾರ್ಟ್ರಿಡ್ಜೇ ಬೇರೆ.