ಹನ್ನೊಂದು ಡಬ್ಬಕ್ಕೆ ಒಂದು ಡ್ರಮ್ಮು: ಬೋರ್ಡೋ ಲೆಕ್ಕದಲ್ಲಿ ನನ್ನ ಅನುಭವ

ಈ ಮಳೆಗಾಲ ನಮ್ಮ ಅಡಿಕೆ ತೋಟದಲ್ಲಿ ಕೊಳೆ ರೋಗ ತಲೆ ಎತ್ತಲಿಲ್ಲ. ಕೊಳೆಗೆ ಹೊಡೆಯುವ ಬೋರ್ಡೋಗೆ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು ಸೇರಿಸಿದ ದ್ರಾವಣಕ್ಕೆ, ನಾನು ನೀರು ಅಳೆಯಲು ಹೊರಟಾಗ "ಬಣ್ಣ ನೋಡಿದ್ರೆ ಸಾಕು ಮಾರಾಯ, ಅಳತೆ ಯಾಕೆ?" ಎಂದವರೇ ಈಗ ಬಂದು ನನ್ನ ಡ್ರಮ್ಮಿನ ಗೆರೆ ನೋಡಿ ಹೋಗುತ್ತಿದ್ದಾರೆ. ಮೈಲುತುತ್ತ, ಸುಣ್ಣ ಕರಗಿಸುವುದು ನಿಮಗೆಲ್ಲ ಗೊತ್ತಿರುವುದೇ. ನನ್ನ ಮಾತೆಲ್ಲ ನೀರಿನ ಬಗ್ಗೆ.

ಅಜ್ಜನ ಲೆಕ್ಕದ ಪುಸ್ತಕದಲ್ಲಿ 5-5-50 ಎಂದು ಬರೆದಿದೆ. ಐದು ಪೌಂಡು ತುತ್ತ, ಐದು ಪೌಂಡು ಸುಣ್ಣ, ಐವತ್ತು ಗ್ಯಾಲನ್ ನೀರು. ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಇದು ಅದಕ್ಕೂ ಹಿಂದಿನದು. ಹಾಗಾಗಿ ಇದು ಬ್ರಿಟಿಷ್ ಗ್ಯಾಲನ್, 4.546 ಲೀಟರ್. ಮೊಬೈಲಿನಲ್ಲಿ ಸಿಗುವ ಅಮೆರಿಕದ ಪಟ್ಟಿಗಳಲ್ಲಿ ಗ್ಯಾಲನ್ ಎಂದರೆ 3.785 ಲೀಟರ್. ಹಣ ಹಾಳಾಗುವುದು ಇಲ್ಲೇ.

ಅಮೆರಿಕದವರ 8-8-100 ಅವರ ಗ್ಯಾಲನ್ನಿನಲ್ಲಿ ಶೇಕಡಾ ಒಂದಕ್ಕೆ, ಅಂದರೆ ನೂರು ಲೀಟರಿಗೆ ಒಂದು ಕೆಜಿ ತುತ್ತಕ್ಕೆ, ಹತ್ತಿರ. ನಮ್ಮ ಭಾವ ಅದನ್ನು ಬ್ರಿಟಿಷ್ ಗ್ಯಾಲನ್ ಎಂದುಕೊಂಡು ನೀರು ಹಾಕಿದರು. 200 ಲೀಟರಿನ ಡ್ರಮ್ಮಿಗೆ ಎರಡು ಕೆಜಿ ಬೀಳಬೇಕಾದ ತುತ್ತ ಒಂದೂವರೆ ಚಿಲ್ಲರೆ ಕೆಜಿಗೆ ಇಳಿಯಿತು. ಆಗಸ್ಟಿನಲ್ಲಿ ಕೊಳೆ ಹಿಡಿದು ಎರಡು ಮೂರು ಕ್ವಿಂಟಲ್ ಅಡಿಕೆ ಉದುರಿಹೋಯಿತು. ಆ ವರ್ಷ ಮಳೆಯೂ ಬಿಡದೆ ಹೊಯ್ದಿತ್ತು, ನಿಜ. ಪಕ್ಕದ ತೋಟದ್ದು ತಿರುಗುಮುರುಗು. ಅಲ್ಲಿ ಬ್ರಿಟಿಷ್ ಲೆಕ್ಕದ 10-10-100 ಅನ್ನು ಅಮೆರಿಕದ ಗ್ಯಾಲನ್ನಿಗೆ ಹಾಕಿದರು. ಡ್ರಮ್ಮಿಗೆ 400 ಗ್ರಾಂ ತುತ್ತ ಜಾಸ್ತಿ. ಕೆಜಿಗೆ ಮುನ್ನೂರರ ಆಸುಪಾಸು ಹಿಡಿದರೂ ಡ್ರಮ್ಮಿಗೆ ನೂರಿಪ್ಪತ್ತು ರೂಪಾಯಿ ಸುಮ್ನೆ ಹೋಯಿತು. ಮೂವತ್ತು ಡ್ರಮ್ಮಿಗೆ ಎಷ್ಟಾಯಿತು, ನೀವೇ ಹೇಳಿ.

ನಾನು ಗುಣಾಕಾರ ಬಿಟ್ಟು ತೂಕ ಹಿಡಿದೆ. ಬ್ರಿಟಿಷ್ ಗ್ಯಾಲನ್ ನೀರು ಸರಿಯಾಗಿ ಹತ್ತು ಪೌಂಡು ತೂಗುತ್ತದೆ. 1824ರಲ್ಲಿ ಆ ಗ್ಯಾಲನ್ನನ್ನು ಹಾಗೆಯೇ ನಿಗದಿ ಮಾಡಿದ್ದು. ಐವತ್ತು ಗ್ಯಾಲನ್ ಎಂದರೆ 500 ಪೌಂಡು ನೀರು, ಅದಕ್ಕೆ ಐದು ಪೌಂಡು ತುತ್ತ. ಶೇಕಡಾ ಒಂದು! ಅಜ್ಜನ ಲೆಕ್ಕವೂ ನಮ್ಮ "ನೂರು ಲೀಟರಿಗೆ ಒಂದು ಕೆಜಿ"ಯೂ ಒಂದೇ ಎಂದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಅಟ್ಟದ ಮೇಲೆ ಹಳೇ ಚಿಮಣಿ ಎಣ್ಣೆ ಡಬ್ಬ ಇತ್ತು, ನಾಲ್ಕು ಗ್ಯಾಲನ್ನಿನದು. ಅಡಿಕೆ ತೂಗುವ ಯಂತ್ರದ ಮೇಲಿಟ್ಟು ನೀರು ತುಂಬಿದೆ. ಡಬ್ಬದ ತೂಕ ಕಳೆದರೆ 18 ಕೆಜಿ ಮೇಲೆ ಸ್ವಲ್ಪ. ಅಂಥ ಹನ್ನೊಂದು ಡಬ್ಬ ಸುರಿದರೆ 44 ಗ್ಯಾಲನ್, ಅಂದರೆ 200 ಲೀಟರ್. ಅಲ್ಲಿಗೆ ನೀಲಿ ಡ್ರಮ್ಮಿನ ಹೊರಗೆ ಪೇಂಟಿನಲ್ಲಿ ಗೆರೆ ಎಳೆದೆ. ಗೆರೆಯ ಮೇಲೆ ಇನ್ನೂ ಒಂದು ಡಬ್ಬ ಆರಾಮಾಗಿ ಹಿಡಿಯಿತು. ನಮ್ಮ ಕಡೆ ಎಲ್ಲರೂ ಬಾಯಿವರೆಗೆ ತುಂಬಿ ಎರಡು ಕೆಜಿ ಹಾಕುವವರೇ, ಅಲ್ವಾ? ಅದು ಸುಮಾರು ಶೇಕಡಾ 0.9ಕ್ಕೆ ಬರುತ್ತದೆ. ಈಗಿನ ಅಡುಗೆ ಎಣ್ಣೆಯ ಡಬ್ಬ ಬಳಸಬೇಡಿ, ಅದು ಚಿಕ್ಕದು.



ನೀರು ಸರಿಹೋದ ಮೇಲೂ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದನ್ನು ನಾನು ಬಿಟ್ಟಿಲ್ಲ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ. ಮೆಣಸಿನ ಬಳ್ಳಿಗೆ ಹೊಡೆಯುವಾಗ ಡಬ್ಬಕ್ಕೆ 180 ಗ್ರಾಂ ತುತ್ತ ಹಾಕುತ್ತೇನೆ. ದ್ರಾವಣ ಅಂಟಿಕೊಳ್ಳಲೆಂದು ಏನು, ಎಷ್ಟು, ಯಾವಾಗ ಹಾಕುತ್ತೇನೆ ಅನ್ನುವುದು ಮಾತ್ರ ನಮ್ಮನೆಯಲ್ಲೇ ಇರಲಿ.